ಕಡಲಿಲ್ಲದ ಸೀಮೆಯಲ್ಲಿ ಹವಾ ಬದಲಾವಣೆ

ಬೇಸಗೆಯ ರಜೆ ಸಮೀಪಿಸಿತೆಂದರೆ ನಮ್ಮಂಥವರ ಮನೆಗಳಲ್ಲಿ ರಾತ್ರಿಯ ಊಟದ ಹೊತ್ತಿಗೆ ಏಳುವ ಪ್ರಶ್ನೆ ಒಂದೇ: ಈ ಸಲ ಎಲ್ಲಿಗೆ? ಕಳೆದ ವರ್ಷ ಆ ಪ್ರಶ್ನೆಯನ್ನೆತ್ತಿದವಳು ಒಂಬತ್ತು ವರ್ಷದ ನನ್ನ ಮೊಮ್ಮಗಳು. ಅವಳ ಪಾಠದ ಪುಸ್ತಕದಲ್ಲಿ ಇಂಗ್ಲೆಂಡಿನ ಕಡಲ ತೀರದ ಊರೊಂದರ ಬಣ್ಣದ ಚಿತ್ರವಿತ್ತು. ಮರಳಿನಲ್ಲಿ ಪುಟ್ಟ ಬಕೀಟು, ಸಲಿಕೆಗಳನ್ನು ಹಿಡಿದು ಕುಳಿತ ಮಕ್ಕಳು. ಪಟ್ಟೆ ಬಟ್ಟೆಯ ಮಡಿಸುವ ಕುರ್ಚಿಗಳಲ್ಲಿ ಒರಗಿದ ಮುದುಕರು. ಮಕ್ಕಳನ್ನು ಬೆನ್ನ ಮೇಲೆ ಹೊತ್ತು ಸಾಲಾಗಿ ಹೊರಟ ಕತ್ತೆಗಳು. ನೀರಿನೊಳಕ್ಕೆ ಬಹುದೂರ ಚಾಚಿಕೊಂಡಿರುವ ಕಬ್ಬಿಣದ ಕಟ್ಟೆ.

“ತಾತ, ನಮ್ಮ ಚಿಕ್ಕಬಳ್ಳಾಪುರದ ಕಡೆ ಇಂಥದ್ದು ಯಾವುದಿದೆ?” ಎಂದಳು.

ನಮ್ಮ ಹಿರಿಯರ ಊರು ಆ ಕಡೆಯದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ: ಈ ನಾಲ್ಕು ತಾಲ್ಲೂಕುಗಳ ಜನಕ್ಕೆ ಕಡಲೆಂಬುದು ಪುರಾಣದಲ್ಲಿ ಕೇಳಿದ ಪದಾರ್ಥ. ಎಲ್ಲಿ ನೋಡಿದರೂ ಬಂಡೆ, ಹಿಪ್ಪುನೇರಳೆಯ ಹೊಲ, ದ್ರಾಕ್ಷಿಯ ಚಪ್ಪರ, ಮಳೆಯ ದಾರಿ ಕಾಯುವ ಕೆರೆಗಳು. “ಚಿತ್ರದಲ್ಲಿರುವುದರ ಪೈಕಿ ಕತ್ತೆಗಳನ್ನು ಬೇಕಾದರೆ ಒದಗಿಸಬಹುದು” ಎಂದು ಅವಳ ಅಜ್ಜಿ ನಕ್ಕಳು. ನಾನು ಮಾತ್ರ ಗಂಭೀರವಾಗಿಯೇ ಉತ್ತರ ಕೊಟ್ಟೆ: “ಇದೆಯಲ್ಲ, ನಂದಿಬೆಟ್ಟ!”

“ಅದು ಬೆಟ್ಟ, ತಾತ!”

ಮಗುವಿನ ಆಕ್ಷೇಪಣೆ ನ್ಯಾಯವಾದದ್ದೇ. ಅವಳಿಗೆ ಅಂದು ಅರೆಬರೆಯಾಗಿ ಹೇಳಿದ್ದನ್ನು ವಾಚಕರಿಗಾದರೂ ಸರಿಯಾಗಿ ಹೇಳಬೇಕೆಂದು ಈ ಬರಹ.

ಕಡಲ ತೀರಕ್ಕೆ ಹೋಗಿ ಸಂತೋಷಪಡಬೇಕೆಂಬ ಬುದ್ಧಿ ಇಂಗ್ಲಿಷರಿಗೆ ಹುಟ್ಟಿನಿಂದ ಬಂದದ್ದಲ್ಲ. ಬಹುಕಾಲ ಅವರಿಗೆ ಕಡಲೆಂದರೆ ಬೆಸ್ತರ ದುಡಿಮೆಯ ಕ್ಷೇತ್ರ, ನಾವಿಕರ ಗೋರಿ. ಅವರನ್ನು ಅಲ್ಲಿಗೆ ಮೊದಲು ಕರೆತಂದದ್ದು ಕಾಯಿಲೆ. 1626ರ ಸುಮಾರಿನಲ್ಲಿ ಸ್ಕಾರ್ಬರೋ ಎಂಬ ಊರಿನ ದಡದಲ್ಲಿ, ಬಂಡೆಯ ಬುಡದಲ್ಲಿ ಜಿನುಗುವ ಚಿಲುಮೆಯ ನೀರಿಗೆ ರೋಗ ಕಳೆಯುವ ಗುಣವಿದೆಯೆಂದು ಸುದ್ದಿಯಾಯಿತು. 1750ರಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯನು ಸಮುದ್ರದ ನೀರೇ ದಿವ್ಯೌಷಧವೆಂದು ಲ್ಯಾಟಿನ್ ಭಾಷೆಯಲ್ಲಿ ಗ್ರಂಥ ಬರೆದ. ಅದರಲ್ಲಿ ಮುಳುಗಬೇಕು, ಮಾತ್ರವಲ್ಲ, ಅದನ್ನು ಕುಡಿಯಲೂ ಬೇಕು! ಉಪ್ಪುನೀರು ಕುಡಿದವರು ಗುಣವಾದರೋ ಇಲ್ಲವೋ, ಬ್ರೈಟನ್ ಎಂಬ ಬೆಸ್ತರ ಹಳ್ಳಿಯಂತೂ ಬೆಳೆಯಿತು. 1783ರಲ್ಲಿ ಯುವರಾಜನೇ, ಮುಂದೆ ನಾಲ್ಕನೆಯ ಜಾರ್ಜ್ ಎನಿಸಿದವನು, ಅಲ್ಲಿಗೆ ಬಂದ. ದೊರೆಮಗ ಬಂದೆಡೆ ದರ್ಬಾರು ಬಾರದೆ ಇದ್ದೀತೆ? 1841ರಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ ರೈಲು ಬಂದ ಮೇಲೆ ಅಂಗಡಿಯ ಗುಮಾಸ್ತ, ಗಿರಣಿಯ ಕೂಲಿ ಕೂಡ ಹೆಂಡತಿ ಮಕ್ಕಳೊಂದಿಗೆ ಹೊರಟರು. 1871ರ ಕಾನೂನಿನಿಂದ ಬ್ಯಾಂಕ್ ರಜೆಗಳು ದೊರೆತವು. ಉತ್ತರದ ಗಿರಣಿ ಕಾರ್ಮಿಕರಿಗಾಗಿ ಬ್ಲ್ಯಾಕ್‌ಪೂಲ್ ಬೆಳೆದು, 1894ರಲ್ಲಿ 518 ಅಡಿ ಎತ್ತರದ ಗೋಪುರವನ್ನೇ ಕಟ್ಟಿಕೊಂಡಿತು.

ಮೊದಲು ವೈದ್ಯ, ಆಮೇಲೆ ದೊರೆ, ಕೊನೆಗೆ ರೈಲು. ಬ್ರೈಟನ್ ಕಂಡ ಈ ಮೂವರೂ ನಮ್ಮ ನಂದಿಗೂ ಬಂದರು. ಬಂದ ವರಸೆ ಮಾತ್ರ ಬೇರೆ.

ನಂದಿ ಅವರು ಕಂಡುಹಿಡಿದ ಸ್ಥಳವೇನಲ್ಲ. ಗಂಗ ಅರಸರು ತಮ್ಮನ್ನು ನಂದಗಿರಿನಾಥರೆಂದು ಕರೆದುಕೊಂಡರು. ಬೆಟ್ಟದ ಬುಡದಲ್ಲಿ ಭೋಗನಂದೀಶ್ವರ, ನೆತ್ತಿಯಲ್ಲಿ ಯೋಗನಂದೀಶ್ವರ: ಭೋಗ ಕೆಳಗೆ, ಯೋಗ ಮೇಲೆ ಎಂಬ ಈ ಏರ್ಪಾಡನ್ನು ಮಾಡಿದ ಹಿರಿಯರ ಜಾಣ್ಮೆಗೆ ಎಷ್ಟು ಸಲ ತಲೆದೂಗಿದ್ದೇನೋ! ಕೆಳಗಿನ ದೇವಾಲಯವು ಒಂಬತ್ತನೆಯ ಶತಮಾನದಷ್ಟು ಹಳೆಯದು. ಅರುಣಾಚಲೇಶ್ವರ, ಭೋಗನಂದೀಶ್ವರ ಎಂಬ ಎರಡು ಗುಡಿಗಳು ಅಕ್ಕಪಕ್ಕ, ನಡುವೆ ಉಮಾಮಹೇಶ್ವರ. ಅಲ್ಲಿನ ಕಲ್ಯಾಣಮಂಟಪದ ಕಂಬಗಳ ನಯಗೆಲಸವನ್ನು ನೋಡದೆ ಮೋಟಾರನ್ನು ನೇರವಾಗಿ ಬೆಟ್ಟಕ್ಕೆ ಓಡಿಸುವವರನ್ನು ಕಂಡರೆ ನನಗೆ ಮರುಕವಾಗುತ್ತದೆ. ಪಾಳೆಯಗಾರರ ಕಾಲದ ಕೋಟೆಯನ್ನು ಹೈದರಾಲಿ, ಟಿಪ್ಪು ಭದ್ರಪಡಿಸಿದರು. ಟಿಪ್ಪುವಿಗೆ ಇದು ಬೇಸಗೆಯ ಬಿಡಾರವೂ ಆಗಿತ್ತು. ಅವನ ಪುಟ್ಟ ಅರಮನೆ ಇಂದಿಗೂ ಇದೆ. ಏರಲಾಗದ ಕೋಟೆಯೆಂದು ಹೆಸರಾದದ್ದನ್ನು 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಮೂರು ವಾರ ತೋಪು ಹಾರಿಸಿ ಹಿಡಿಯಿತು.

ಹೀಗೆ ತೋಪಿನೊಡನೆ ಬಂದವರ ಕಡೆಯವರು ಮುಂದೆ ಕೊಡೆ, ಊರುಗೋಲುಗಳೊಡನೆ ಬಂದರು. 1834ರಿಂದ 1861ರವರೆಗೆ ಮೈಸೂರು ಸೀಮೆಯ ಕಮೀಷನರಾಗಿದ್ದ ಮಾರ್ಕ್ ಕಬ್ಬನ್ ಅವರಿಗೆ ನಂದಿಯೆಂದರೆ ಪ್ರಾಣ. ಬೆಂಗಳೂರೇ ಮೂರು ಸಾವಿರ ಅಡಿ ಎತ್ತರದಲ್ಲಿದೆ. ನಂದಿಯ ನೆತ್ತಿ ಇರುವುದು 4,851 ಅಡಿಯಲ್ಲಿ. ಆ ಹೆಚ್ಚಿನ ಸಾವಿರದ ಎಂಟುನೂರು ಅಡಿಗಳಲ್ಲಿ ಅವರಿಗೆ ತಮ್ಮ ತವರಿನ ಗಾಳಿ ಸಿಕ್ಕಿರಬೇಕು. ಬೆಟ್ಟದ ಮೇಲೆ ಬಂಗಲೆ ಕಟ್ಟಿಸಿ ಬೇಸಗೆಗಳನ್ನು ಅಲ್ಲಿ ಕಳೆದರು. ಸುಮಾರು ಅರವತ್ತು ವರ್ಷ ಈ ದೇಶದಲ್ಲಿದ್ದು, 1861ರಲ್ಲಿ ಕೊನೆಗೂ ತವರಿಗೆ ಹೊರಟವರು ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಇಂಗ್ಲೆಂಡಿನ ಕಡಲ ಗಾಳಿ ಅವರ ಪಾಲಿಗಿರಲಿಲ್ಲ. ನಂದಿಯ ಗಾಳಿಯೇ ಕೊನೆಯದಾಯಿತು. ಅವರ ಆ ಮನೆಗೆ ಈಗ ನೆಹರು ನಿಲಯವೆಂದು ಹೆಸರು.

ಇಲ್ಲಿ ಒಂದು ವಿನೋದವನ್ನು ಹೇಳದೆ ಮುಂದೆ ಹೋಗಲಾರೆ. ಕಬ್ಬನ್ ದೊರೆ ನಮ್ಮ ಬೆಟ್ಟದ ಮೇಲೆ ಇಂಗ್ಲಿಷ್ ಮಾದರಿಯ ಮನೆಯಲ್ಲಿ ಕುಳಿತಿದ್ದರಷ್ಟೆ? ಅದಕ್ಕೆ ಮೊದಲೇ, 1815ರಿಂದ 1822ರವರೆಗೆ, ಅತ್ತ ಬ್ರೈಟನ್ನಿನ ಕಡಲ ದಡದಲ್ಲಿ ದೊರೆಮಗನಿಗಾಗಿ ಜಾನ್ ನ್ಯಾಷ್ ಎಂಬ ಶಿಲ್ಪಿ ಹಿಂದೂಸ್ಥಾನದ ಮಾದರಿಯ ಗುಮ್ಮಟ, ಮಿನಾರುಗಳ ಅರಮನೆಯನ್ನು ಕಟ್ಟುತ್ತಿದ್ದ. ರಜೆ ಕಳೆಯಲು ಹೊರಟ ಮನುಷ್ಯನಿಗೆ ತಾನಿರುವ ಊರು ಬೇರೊಂದು ಊರಿನಂತೆ ಕಾಣಬೇಕೇನೋ! ಆ ಗುಮ್ಮಟಗಳ ಕೆಳಗೆ ನಮ್ಮವರೂ ಮಲಗಿದ್ದರು. 1914ರ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳಿಗೆ ಆ ಅರಮನೆಯನ್ನೇ ಆಸ್ಪತ್ರೆಯಾಗಿ ಮಾಡಲಾಗಿತ್ತು. ಗುಣವಾಗದೆ ಅಲ್ಲಿ ಮಡಿದ ಹಿಂದೂ, ಸಿಖ್ ಯೋಧರನ್ನು ಊರಾಚೆಯ ಹುಲ್ಲುಗಾವಲಿನ ದಿಣ್ಣೆಯ ಮೇಲೆ ದಹನ ಮಾಡಿದರು. ಆ ಸ್ಥಳದಲ್ಲಿ 1921ರಿಂದ ಅಮೃತಶಿಲೆಯ ಒಂದು ಛತ್ರಿ ನಿಂತಿದೆ.

ನಂದಿಗೆ ರೈಲು ಬಂದದ್ದು 1915ರಲ್ಲಿ. ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಎರಡೂವರೆ ಅಡಿ ಅಗಲದ ಕಂಬಿಗಳ ಮೇಲೆ ಪುಟ್ಟ ಗಾಡಿ. ಮುಂದೆ ಅದು ಶಿಡ್ಲಘಟ್ಟ, ಚಿಂತಾಮಣಿಗಳನ್ನು ಹಾದು ಕೋಲಾರ, ಬಂಗಾರಪೇಟೆಗಳನ್ನು ಮುಟ್ಟುವಂತಾಯಿತು. ಆ ಪುಟ್ಟ ಕಂಬಿಗಳು ಈಗಿಲ್ಲ. ಚಿಕ್ಕಬಳ್ಳಾಪುರದಿಂದ ಕೋಲಾರದವರೆಗೆ 2013ರಲ್ಲಿ ದೊಡ್ಡ ಹಳಿ ಬಂತು. ಆದರೂ ನಂದಿ ಹಾಲ್ಟಿನ ಹೆಂಚಿನ ಮಾಡಿನ ಹಳೆಯ ನಿಲ್ದಾಣವನ್ನು ಕಂಡಾಗ ನನ್ನ ಕಣ್ಣಿಗೆ ಇದ್ದಲಿನ ಕಣ ಬಿದ್ದಂತಾಗುವುದುಂಟು.

ಇನ್ನುಳಿದವನು ವೈದ್ಯ. ನಂದಿಯ ಅತಿ ದೊಡ್ಡ ರೋಗಿ ಯಾರೆಂದು ವಾಚಕರಿಗೆ ಗೊತ್ತೇ ಇದೆ. 1927ರಲ್ಲಿ ಖಾದಿ ಪ್ರವಾಸದ ನಡುವೆ ಗಾಂಧೀಜಿಯವರ ಆರೋಗ್ಯ ಕುಸಿಯಿತು. ವೈದ್ಯರು ಪೂರ್ಣ ವಿಶ್ರಾಂತಿಯನ್ನು ವಿಧಿಸಲು, ಮೈಸೂರು ಸಂಸ್ಥಾನದ ಅತಿಥಿಯಾಗಿ ಏಪ್ರಿಲಿನಿಂದ ಜೂನ್ ಮೊದಲವರೆಗೆ ಆರು ವಾರ ಅವರು ನಂದಿಯಲ್ಲಿದ್ದರು. 1936ರ ಮೇ ತಿಂಗಳಲ್ಲಿ ಮತ್ತೆ ಬಂದರು. ಆಗ ಸರ್ದಾರ್ ಪಟೇಲರೂ ಜೊತೆಗಿದ್ದರು. ಸಿ. ವಿ. ರಾಮನ್ ಅವರು ಸ್ವಿಟ್ಸರ್ಲೆಂಡಿನ ಜೀವವಿಜ್ಞಾನಿಯೊಬ್ಬರನ್ನು ಕರೆದುಕೊಂಡು ಬೆಟ್ಟ ಹತ್ತಿ ಗಾಂಧೀಜಿಯನ್ನು ಕಂಡು ಮಾತನಾಡಿದ್ದು ಆಗಲೇ. ಅದೇ 1936ರಲ್ಲಿ ಇಂಗ್ಲೆಂಡಿನ ಸ್ಕೆಗ್‌ನೆಸ್ ಎಂಬ ಕಡಲೂರಿನಲ್ಲಿ ಬಟ್ಲಿನ್ ಎಂಬಾತ ಸಾವಿರಾರು ಸಾಮಾನ್ಯರು ವಾರಗಟ್ಟಲೆ ತಂಗುವ ರಜಾ ಶಿಬಿರವನ್ನು ತೆರೆದ. ಅಲ್ಲಿ ಆಟ, ಬ್ಯಾಂಡು, ನಗು. ಇಲ್ಲಿ ನೂಲುವ ಚರಕ, ಮೇಕೆಯ ಹಾಲು. ಆದರೆ ಎರಡು ಕಡೆಯೂ ಜನ ಬಂದದ್ದು ಇರುವುದಕ್ಕೆ. ನೋಡಿ ಹೋಗುವುದಕ್ಕಲ್ಲ. ನಾನು ಹೇಳಬೇಕೆಂದಿರುವುದು ಇದನ್ನೇ. ಅದಕ್ಕೆ ನಮ್ಮ ಮನೆಯ ಕಥೆಯೊಂದನ್ನು ಹೇಳಿದರೆ ವಾಚಕರು ಕ್ಷಮಿಸಬೇಕು.

1964ರಲ್ಲಿ ನನಗೆ ಎಂಟು ವರ್ಷ. ನಮ್ಮ ತಂದೆಯವರಿಗೆ ನ್ಯುಮೋನಿಯ ಆಗಿ, ಜೀವ ಉಳಿದರೂ ಉಸಿರು ಉಳಿದಿರಲಿಲ್ಲ. ಮನೆಯ ಮೂರು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುವರು. ರಜೆ ಮುಗಿಯುತ್ತ ಬಂದಿತ್ತು. ಕೆಲಸಕ್ಕೆ ಹಿಂತಿರುಗಲಾರದಿದ್ದರೆ ಸಂಬಳವಿಲ್ಲ. ನಾವು ನಾಲ್ವರು ಮಕ್ಕಳು. “ಹವಾ ಬದಲಾವಣೆ ಮಾಡಿ ನೋಡಿ, ಹದಿನೈದು ದಿನ” ಎಂದರು ಡಾಕ್ಟರು. ಅಮ್ಮ ತಮ್ಮ ಬಳೆಗಳನ್ನು ಎಲ್ಲಿಟ್ಟು ಹಣ ತಂದರೋ ನಮಗೆ ಆಗ ತಿಳಿಯಲಿಲ್ಲ. ಯಲಹಂಕ ದಾಟಿದ ಮೇಲೆ ಆ ಪುಟ್ಟ ರೈಲು ನಮ್ಮ ತಂದೆಯವರಂತೆಯೇ ಏದುತ್ತ ನಡೆದದ್ದು ಮಾತ್ರ ಚೆನ್ನಾಗಿ ನೆನಪಿದೆ.

ಬೆಟ್ಟದ ಮೇಲೆ ಎರಡು ಕೋಣೆ ದೊರೆತಿದ್ದವು. ಅಮ್ಮನ ಮೊದಲ ದೂರು ತೊಗರಿಬೇಳೆಯ ಮೇಲೆ. ಎಷ್ಟು ಸೀಮೆಎಣ್ಣೆ ಸುಟ್ಟರೂ ಬೇಯುವುದಿಲ್ಲ! ಎತ್ತರ ಹೆಚ್ಚಿದಂತೆ ನೀರು ಕಡಿಮೆ ಶಾಖದಲ್ಲಿಯೇ ಕುದಿಯುತ್ತದೆ, ಆದ್ದರಿಂದ ಬೇಳೆಗೆ ಹೊತ್ತು ಹಿಡಿಯುತ್ತದೆ ಎಂಬ ಶಾಸ್ತ್ರ ನನಗೆ ಹೈಸ್ಕೂಲಿನಲ್ಲಿ ತಿಳಿಯಿತು. ಅಮ್ಮನಿಗೆ ಮಾತ್ರ ಅದು ಕೊನೆಯವರೆಗೂ ಅಂಗಡಿಯವನ ಮೋಸವೇ. ಮೊದಲ ದಿನ ತಂದೆಯವರು ಅಮೃತ ಸರೋವರದ ಮೆಟ್ಟಿಲವರೆಗೆ ನಡೆದು ಕುಳಿತುಬಿಟ್ಟರು. ಮಾರನೆಯ ದಿನ ಅದರಾಚೆಯ ಮರದವರೆಗೆ. ಐದನೆಯ ದಿನ ಟಿಪ್ಪುವಿನ ಪ್ರಪಾತದ ಹತ್ತಿರ. ಕೈದಿಗಳನ್ನು ಅಲ್ಲಿಂದ ತಳ್ಳುತ್ತಿದ್ದರೆಂಬ ಜನಶ್ರುತಿಯನ್ನು ನಮಗೆ ಹೇಳಲು ಅವರಿಗೆ ಉಸಿರು ಸಾಲುವಷ್ಟಾಗಿತ್ತು. ಹತ್ತನೆಯ ದಿನ ಯೋಗನಂದೀಶ್ವರನ ಸನ್ನಿಧಿ. ಹದಿನೈದನೆಯ ದಿನ, ಅಮ್ಮ ಎಷ್ಟು ಬೇಡವೆಂದರೂ ಕೇಳದೆ, ಸುಲ್ತಾನಪೇಟೆಯ ಕಡೆಯ ಸಾವಿರಕ್ಕೂ ಹೆಚ್ಚಿನ ಮೆಟ್ಟಿಲುಗಳನ್ನು ನನ್ನ ಕೈಹಿಡಿದು ತಾವಾಗಿಯೇ ಇಳಿದರು. ಸೋಮವಾರ ಕಚೇರಿಗೆ ಹೋದರು. ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದರು. ಗುಣಪಡಿಸಿದ್ದು ಬೆಟ್ಟದ ಗಾಳಿಯೆಂದು ಅವರು, ತನ್ನ ಮೆಣಸಿನ ಸಾರೆಂದು ಅಮ್ಮ, ಕೊಟ್ಟ ಚುಚ್ಚುಮದ್ದೆಂದು ಡಾಕ್ಟರು. ಈ ವ್ಯಾಜ್ಯ ಇತ್ಯರ್ಥವಾಗಲೇ ಇಲ್ಲ.

ಆ ಹದಿನೈದು ದಿನಗಳಲ್ಲಿ ಒಮ್ಮೆಯೂ ನಾವು ಸೂರ್ಯೋದಯವನ್ನು ನೋಡಲೆಂದು ಎದ್ದ ನೆನಪಿಲ್ಲ. ಅದು ದಿನವೂ ತಾನಾಗಿ ಆಗುತ್ತಿತ್ತು.

ಈಗ ನೋಡಿ. ಭಾನುವಾರ ನಸುಕಿಗೆ ಬೆಟ್ಟದ ಬುಡದಲ್ಲಿ ಮೋಟಾರು, ಬೈಕುಗಳ ಸಾಲು. ಬಾಗಿಲು ತೆರೆಯುತ್ತಲೇ ಎಲ್ಲರೂ ಮೇಲಕ್ಕೆ ಧಾವಿಸಿ, ಗೋಡೆಯಂಚಿಗೆ ಒತ್ತಿ ನಿಂತು, ಸೂರ್ಯನಿಗೆ ಬೆನ್ನು ತಿರುಗಿಸಿ ಚಿತ್ರ ತೆಗೆದುಕೊಂಡು, ಮುಸುಕಿನ ಜೋಳವೋ ಮ್ಯಾಗಿಯೋ ತಿಂದು ಎಂಟು ಗಂಟೆಗೆ ಇಳಿಯುತ್ತಾರೆ. 2021ರ ಆಗಸ್ಟಿನಲ್ಲಿ ದೊಡ್ಡ ಮಳೆಗೆ ಗುಡ್ಡ ಕುಸಿದು ದಾರಿ ಕೊಚ್ಚಿಹೋಗಿ, ಡಿಸೆಂಬರು ಮೊದಲ ದಿನದವರೆಗೆ ಬೆಟ್ಟ ಮುಚ್ಚಿತ್ತು. ಆ ಮೂರು ತಿಂಗಳು ಬೆಟ್ಟಕ್ಕೆ ದೊರೆತ ಹವಾ ಬದಲಾವಣೆ ಎಂದು ನನ್ನ ಹೆಂಡತಿ ಹೇಳಿದ್ದುಂಟು. ಇಂಗ್ಲೆಂಡಿನ ಕಡಲೂರುಗಳಿಗೂ ಇಂಥದೇ ಗತಿ ಬಂತು, ತಿರುಗುಮುರುಗಾಗಿ: 1960ರ ದಶಕದಿಂದೀಚೆಗೆ ಅಗ್ಗದ ವಿಮಾನಗಳು ಜನರನ್ನು ಸ್ಪೇನಿನ ಬಿಸಿಲಿಗೆ ಒಯ್ದವು, ವಾರಗಟ್ಟಲೆ ಇರುವವರಿಲ್ಲದೆ ಎಷ್ಟೋ ವಸತಿಗೃಹಗಳು ಬಾಗಿಲು ಹಾಕಿದವು. ಅಲ್ಲಿ ಜನ ಬಾರದೆ ಸೊರಗಿತು. ಇಲ್ಲಿ ಬಂದವರು ನಿಲ್ಲದೆ ಸವೆಯುತ್ತಿದೆ.

ನಿಂತರೆ ನೋಡುವುದಕ್ಕೆ ಏನಿದೆ ಎಂದು ಕೇಳುವವರಿಗಾಗಿ ನಾಲ್ಕು ಮಾತು. ನಂದಿಯ ಬಳಿಯ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆಯೂ 1962ರಲ್ಲಿ ಅವರು ಮಣ್ಣಾದ ಸ್ಥಳವೂ ಇವೆ. ಶಿಡ್ಲಘಟ್ಟಕ್ಕೆ ಬೆಳಗಿನಲ್ಲಿ ಹೋಗಬೇಕು. ರೇಷ್ಮೆಗೂಡಿನ ಮಾರುಕಟ್ಟೆಯ ಗದ್ದಲ ನೋಡಿ, ಆಮೇಲೆ ಬಿಸಿನೀರಿನ ಬಾಣಲೆಯಲ್ಲಿ ಕುಣಿಯುವ ಗೂಡಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯನ್ನು ಬೆರಳ ತುದಿಯಿಂದ ಹಿಡಿಯುವ ಹೆಂಗಸರ ಕೈಚಳಕ ನೋಡಬೇಕು. ವಾಸನೆಗೆ ಅಂಜುವವರು ಸೆರಗನ್ನು ಮೂಗಿಗೆ ಹಿಡಿದರಾಯಿತು. ನಾವು ಮದುವೆಗೆ ಉಡುವ ಸೀರೆಯ ಹುಟ್ಟು ಆ ವಾಸನೆಯಲ್ಲಿದೆ. ಚಿಂತಾಮಣಿಯ ಕಡೆ ಕೈವಾರ. ಭೀಮನು ಬಕಾಸುರನನ್ನು ಕೊಂದ ಏಕಚಕ್ರನಗರ ಅದೇ ಎಂದು ಸ್ಥಳಪುರಾಣ, ತಾತಯ್ಯನವರ ತತ್ತ್ವಪದಗಳು ಹುಟ್ಟಿದ ಊರು ಎಂಬುದು ಚರಿತ್ರೆ. ಅಂಬಾಜಿದುರ್ಗ, ಕೈಲಾಸಗಿರಿಗಳನ್ನು ಹತ್ತುವ ಕಾಲು ನನಗೆ ಈಗಿಲ್ಲ, ಮಕ್ಕಳು ಹತ್ತಲಿ.

ಗೌರಿಬಿದನೂರಿಗೆ ಹೋದರೆ ವಿದುರಾಶ್ವತ್ಥ. ವಿದುರ ನೆಟ್ಟದ್ದೆಂದು ಜನ ನಂಬಿದ್ದ ಹಳೆಯ ಅಶ್ವತ್ಥ ಉರುಳಿಹೋದರೂ, ಸಂತಾನ ಬೇಡಿ ಬಂದವರು ಪ್ರತಿಷ್ಠೆ ಮಾಡಿದ ನಾಗರಕಲ್ಲುಗಳು ಸಾವಿರಾರು ನಿಂತಿವೆ. 1938ರ ಏಪ್ರಿಲ್ 25ರಂದು ಅಲ್ಲಿ ರಾಷ್ಟ್ರಧ್ವಜವೆತ್ತಲು ಸೇರಿದ ಹಳ್ಳಿಯ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮಡಿಲು ತುಂಬಲೆಂದು ಹರಕೆ ಹೊರುವ ಜಾಗದಲ್ಲಿಯೇ ಎಷ್ಟೋ ತಾಯಂದಿರ ಮಡಿಲು ಬರಿದಾಯಿತು. ಹುತಾತ್ಮರ ಸ್ಮಾರಕದ ಎದುರು ಮಕ್ಕಳನ್ನು ಒಂದು ಗಳಿಗೆ ಸುಮ್ಮನೆ ನಿಲ್ಲಿಸಿ. ರಜೆಯಲ್ಲಿ ಇದೇಕೆ ಎನ್ನಬೇಡಿ.

ನಮ್ಮ ಪ್ರಯಾಣಕ್ಕೆ ಬರುತ್ತೇನೆ. ಮಗನಿಗೆ ನಾನು ನಂದಿಯ ಹೆಸರೆತ್ತುತ್ತಲೇ, “ಅದಕ್ಕೆ ರಜ ಯಾಕಪ್ಪಾ? ನಾಲ್ಕಕ್ಕೆ ಹೊರಟರೆ ಸನ್‌ರೈಸ್ ನೋಡಿ ಒಂಬತ್ತಕ್ಕೆಲ್ಲ ಮನೆ” ಎಂದ. ಅವನಿಗೆ ನಲವತ್ತೆರಡು ವರ್ಷ. ಹಗಲು ಇಲ್ಲಿಯ ಗಡಿಯಾರದ ಕೆಲಸ, ರಾತ್ರಿ ಅಮೆರಿಕದ ಗಡಿಯಾರದ ಕೆಲಸ. ಕಳೆದ ಚಳಿಗಾಲದಲ್ಲಿ ಒಂದು ದಿನ ಮಾತನಾಡುತ್ತಿದ್ದಂತೆಯೇ ಕುಸಿದು ಬಿದ್ದಿದ್ದ. ಪರೀಕ್ಷೆಗಳೆಲ್ಲ ಸರಿಯಾಗಿವೆ, ವಿಶ್ರಾಂತಿ ಬೇಕು ಎಂದು ಕಳುಹಿಸಿದ್ದರು. ಔಷಧಿಯನ್ನು ತಪ್ಪದೆ ನುಂಗುವ ಹುಡುಗ, ವಿಶ್ರಾಂತಿಯನ್ನು ಮಾತ್ರ ಮುಂದಕ್ಕೆ ಹಾಕುತ್ತಲೇ ಇದ್ದ. ಅವನ ಅಜ್ಜ ಅಮೃತ ಸರೋವರದ ಮೆಟ್ಟಿಲಲ್ಲಿ ಕುಳಿತಿದ್ದಾಗ ಅವರಿಗೂ ಹೆಚ್ಚು ಕಡಿಮೆ ಅದೇ ವಯಸ್ಸು. ಅದನ್ನು ನಾನು ಹೇಳಲಿಲ್ಲ. ನನ್ನ ಹೆಂಡತಿಗೆ ಬೆಟ್ಟ ಹತ್ತಿಳಿಯುವುದು ಒಂದೇ ದಿನದಲ್ಲಿ ಆಗದು ಎಂಬ ನೆಪ ಹೂಡಿ ಮೇಲಿನ ಅತಿಥಿಗೃಹದಲ್ಲಿ ಒಂದು ರಾತ್ರಿಗೆ ಕೋಣೆ ಕಾದಿರಿಸಿದೆ. (ಹೋಗುವವರು ಮುಂಚೆಯೇ ಕಾದಿರಿಸಬೇಕು, ಇಲ್ಲದಿದ್ದರೆ ಸಂಜೆಗೆ ಇಳಿಯಲೇಬೇಕು. ಬುತ್ತಿಯನ್ನು ಕೈಯಲ್ಲಿ ಹಿಡಿದು ನಡೆಯಬೇಡಿ. ನಮ್ಮ ಕೋಡುಬಳೆಯ ಡಬ್ಬ ಬಾಗಿಲಲ್ಲಿಯೇ ಕೋತಿಯ ಪಾಲಾಯಿತು.)

ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ನಸುಕಿಗೆ ಎದ್ದು ನೋಡಿದರೆ ಮೂರು ಮಾರು ಆಚೆಗೆ ಏನೂ ಕಾಣದು; ಬೆಟ್ಟವೆಲ್ಲ ಅರಳೆಯಲ್ಲಿ ಸುತ್ತಿಟ್ಟಂತೆ. ಬೆಂಗಳೂರಿನಿಂದ ನಿದ್ದೆಗೆಟ್ಟು ಬಂದ ನೂರಾರು ಜನ ಗೋಡೆಯಂಚಿನಲ್ಲಿ ನಿಂತು ಕಾದರು, ಗೊಣಗಿದರು, ಏಳೂವರೆಯ ಹೊತ್ತಿಗೆ ಒಬ್ಬೊಬ್ಬರಾಗಿ ಇಳಿದುಹೋದರು. ನೀಲಗಿರಿ ಎಲೆಗಳಿಂದ ಹನಿ ತೊಟ್ಟಿಕ್ಕುವ ಸದ್ದು ಆಮೇಲೆ ಕೇಳಿಸಿತು. ಒಂಬತ್ತಕ್ಕೆ ಮಂಜು ಪೂರ್ವದ ಕಡೆ ಸೀಳಿತು. ಮೊದಲು ಒಂದು ಬಂಡೆಗುಡ್ಡದ ನೆತ್ತಿ, ಆಮೇಲೆ ಇನ್ನೊಂದು; ಆಮೇಲೆ ಕೆಳಗೆ ಹೊಲಗಳು, ಬಿಳಿಯ ಪಾಲಿಮನೆಗಳು, ಕನ್ನಡಿಯ ಚೂರುಗಳಂತೆ ಕೆರೆಗಳು.

ಮೊಮ್ಮಗಳು ಎಣಿಸತೊಡಗಿದಳು. ಹದಿಮೂರಕ್ಕೆ ನಿಲ್ಲಿಸಿ, “ತಾತ, ಈ ನೀರೆಲ್ಲ ಎಲ್ಲಿಗೆ ಹೋಗುತ್ತೆ?” ಎಂದಳು.

ಕಡಲಿಗೆ ಎಂದೆ. ಈ ನಂದಿಯ ಸಾಲಿನ ಸುತ್ತಮುತ್ತ ಹುಟ್ಟುವ ಹೊಳೆಗಳನ್ನು ಬೆರಳು ಮಡಿಸಿ ಹೇಳಿದೆ: ಉತ್ತರ ಪಿನಾಕಿನಿ ಗೌರಿಬಿದನೂರಿನ ಮೇಲೆ ಹಾದು ನೆಲ್ಲೂರಿನ ಬಳಿ ಸಮುದ್ರ ಸೇರುತ್ತದೆ, ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೇಲೆ ಕಡಲೂರಿಗೆ, ಪಾಲಾರು ತಮಿಳುನಾಡಿಗೆ, ಅರ್ಕಾವತಿ ಕಾವೇರಿಗೆ, ಚಿತ್ರಾವತಿ ಬಾಗೇಪಲ್ಲಿಯ ಕಡೆಗೆ. ಕಡಲಿಲ್ಲದ ಈ ಸೀಮೆ ಕಡಲಿಗೆ ಕಳುಹಿಸಿದ ನೀರಿಗೆ ಲೆಕ್ಕವಿಲ್ಲ. ಆ ಹೊಳೆಗಳ ಪಾತ್ರದಲ್ಲಿ ಈಗ ವರ್ಷದ ಬಹುಪಾಲು ಮರಳೂ ಇಲ್ಲ, ನೀರೂ ಇಲ್ಲ ಎಂಬುದನ್ನೂ, ಕೆಳಗೆ ಹೊಳೆಯುತ್ತಿರುವ ಕೆರೆಗಳಲ್ಲಿ ಕೆಲವಕ್ಕೆ ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆ ನೀರನ್ನು ಶುದ್ಧಿಮಾಡಿ ಕೊಳವೆಯಲ್ಲಿ ತಂದು ತುಂಬುತ್ತಿದ್ದಾರೆಂಬುದನ್ನೂ ಹೇಳಬೇಕಾಯಿತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಎಣಿಕೆಗೆ ತೊಡಗಿದಳು.

ಹಿಂದಿರುಗಿ ನೋಡಿದೆ. ಜಗಲಿಯ ಬೆತ್ತದ ಕುರ್ಚಿಯಲ್ಲಿ ನನ್ನ ಮಗ ಬಾಯಿ ತೆರೆದು ನಿದ್ರಿಸುತ್ತಿದ್ದ. ಪಕ್ಕದಲ್ಲಿದ್ದ ಅವನ ಫೋನು ಗುಂಯ್‌ಗುಡುತ್ತಿತ್ತು. ಅವನ ತಾಯಿ ಅದನ್ನೆತ್ತಿ ಶಾಲಿನಲ್ಲಿ ಸುತ್ತಿ ಚೀಲದೊಳಗಿಟ್ಟಳು. ಹನ್ನೊಂದು ಗಂಟೆಗೆ ಅವನು ಎದ್ದು, ಮುಖ ತೊಳೆದು, ಯಾರನ್ನೂ ಕೇಳದೆ ಮೇಟಿಯ ಬಳಿಗೆ ಹೋಗಿ ನಿಂತ. ಕೋಣೆ ಇನ್ನೂ ಎರಡು ರಾತ್ರಿಗೆ ಖಾಲಿ ಇದೆಯೇ ಎಂದು ಅವನು ವಿಚಾರಿಸುತ್ತಿದ್ದುದು ನಮಗೆ ಇಲ್ಲಿಂದಲೇ ಕೇಳಿಸಿತು.